ನಾಕೌಟ್‌ಗೆ ಯಾರು ಸೇರಬಹುದು?

ತೊಂಬತ್ತರ ದಶಕದಲ್ಲಿ ನಾನು ಇಂಗ್ಲೆಂಡಿನ ಸಣ್ಣದೊಂದು ಗಾಲ್ಫ್ ಕ್ಲಬ್ಬಿನ ಸದಸ್ಯನಾದೆ. ಬೇಸಿಗೆಯ ನಾಕೌಟ್ ಹಾಳೆಯನ್ನು ಏಪ್ರಿಲ್‌ನಲ್ಲೇ ಬೋರ್ಡಿಗೆ ಹಚ್ಚುತ್ತಿದ್ದರು. ಹೆಸರು ಬರೆಯಲು ದಾರಕ್ಕೆ ಕಟ್ಟಿದ ಪೆನ್ಸಿಲು ಪಕ್ಕದಲ್ಲೇ ತೂಗುತ್ತಿತ್ತು. ಹಾಳೆಯ ತಲೆಯಲ್ಲೇ ಷರತ್ತು: ಹ್ಯಾಂಡಿಕ್ಯಾಪ್ 18 ಮೀರಿದವರಿಗೆ ಪ್ರವೇಶವಿಲ್ಲ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರನಿಗೆ ಸಲ್ಲುವ ರಿಯಾಯಿತಿ ಹೊಡೆತಗಳ ಸಂಖ್ಯೆ; ಆಟ ಸುಮಾರಾದಷ್ಟೂ ಅದು ಹೆಚ್ಚು. ಆಗ ಬ್ರಿಟನ್ನಿನಲ್ಲಿ ಗಂಡಸರಿಗೆ ಸಿಗುತ್ತಿದ್ದ ಗರಿಷ್ಠ ಹ್ಯಾಂಡಿಕ್ಯಾಪ್ 28, ಹೆಂಗಸರಿಗೆ 36. ಹಾಗಾಗಿ 19ರಿಂದ 28ರವರೆಗಿನ ಗಂಡಸರು ಚಂದಾ ಪೂರ್ತಿ ಕಟ್ಟಿಯೂ ನಾಕೌಟ್‌ನಿಂದ ಹೊರಗೇ ಉಳಿಯುತ್ತಿದ್ದರು.

ಬಲ್ಲವನೂ ಕಲಿಯುವವನೂ ಸರಿಸಮವಾಗಿ ಆಡಲಿ ಎಂದೇ ಹ್ಯಾಂಡಿಕ್ಯಾಪ್ ಇರುವುದು. ಅದರಲ್ಲೂ ಅಂದು ಒಬ್ಬರ ವಿರುದ್ಧ ಒಬ್ಬರು ಆಡುವ ಸಿಂಗಲ್ಸ್‌ನಲ್ಲಿ ಬಿಟ್ಟುಕೊಡುತ್ತಿದ್ದುದು ಇಬ್ಬರ ಹ್ಯಾಂಡಿಕ್ಯಾಪ್‌ಗಳ ವ್ಯತ್ಯಾಸದ ಮುಕ್ಕಾಲು ಪಾಲು ಮಾತ್ರ. 16 ಹೊಡೆತಗಳ ಅಂತರವಿದ್ದರೆ ಕೈಗೆ ಬರುತ್ತಿದ್ದುದು 12. ಚೆನ್ನಾಗಿ ಆಡುವವರಿಗೆ ಅಷ್ಟು ಅನುಕೂಲವಿದ್ದ ಮೇಲೂ 18ರ ಗೆರೆ ಬೇಕಿತ್ತೇ? ಕಮಿಟಿಯ ಹಿರಿಯರು ಬೇಕು ಎನ್ನುತ್ತಿದ್ದರು. ನಾಕೌಟ್ ನಡೆಯುವುದು ಗೆದ್ದ ಹೋಲುಗಳನ್ನು ಎಣಿಸುವ ಮ್ಯಾಚ್‌ಪ್ಲೇಯಲ್ಲಿ; ಅಲ್ಲಿ ಒಂದು ಹೋಲಿಗೆ ಹತ್ತು ಹೊಡೆದರೂ ಕಳೆದುಕೊಳ್ಳುವುದು ಆ ಒಂದೇ ಹೋಲ್. ಇವತ್ತೊಂದು ನಾಳೆಯೊಂದು ಆಡುವವನಿಗೆ ಇದು ಲಾಭ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ಆದರೆ ಆ ಕಾರಣಕ್ಕೆ ಜನರನ್ನೇ ಹೊರಗಿಟ್ಟದ್ದು ಅನ್ಯಾಯ.

ಈಗ ಲೆಕ್ಕವೇ ಬದಲಾಗಿದೆ. 2018ರಲ್ಲಿ ಬ್ರಿಟನ್ನಿನ ಗರಿಷ್ಠ ಮಿತಿ ಎಲ್ಲರಿಗೂ 54 ಆಯಿತು. 2020ರ ನವೆಂಬರ್‌ನಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಬಂತು: ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿ. ಸಿಂಗಲ್ಸ್ ಮ್ಯಾಚ್‌ಪ್ಲೇಗೆ ಅದು ಹೇಳುವುದು ಪೂರ್ತಿ ವ್ಯತ್ಯಾಸವನ್ನೇ. ನಮ್ಮ ಕ್ಲಬ್ಬೂ ನಾಕೌಟನ್ನು ಎಲ್ಲರಿಗೂ ತೆರೆಯಿತು. ಆದರೆ ಒಂದು ಕೊಕ್ಕೆ ಉಳಿಸಿಕೊಂಡಿತು: ಹ್ಯಾಂಡಿಕ್ಯಾಪ್ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 24ರವರೆಗೆ.

ಇದರ ಪರಿಣಾಮವನ್ನು ನಾನು ಎದುರಾಳಿಯಾಗಿ ಕಂಡೆ. ನನ್ನದು 12. ನಿವೃತ್ತಿಯ ನಂತರ ಆಟ ಕಲಿತ ಬಸ್ ಚಾಲಕರೊಬ್ಬರದು 37. ನ್ಯಾಯವಾಗಿ ಅವರಿಗೆ 25 ಹೊಡೆತ ಸಲ್ಲಬೇಕು: ಪ್ರತಿ ಹೋಲಿಗೆ ಒಂದು, ಅತಿ ಕಷ್ಟದ ಏಳು ಹೋಲುಗಳಲ್ಲಿ ಇನ್ನೊಂದೊಂದು. ಸಿಕ್ಕಿದ್ದು 12. ಎಲ್ಲಕ್ಕಿಂತ ಕಷ್ಟದ ಹೋಲಿನಲ್ಲಿ ನಾನು 5 ಹೊಡೆದೆ, ಅವರು 7. ಎರಡು ಹೊಡೆತ ಕಳೆದಿದ್ದರೆ ಸಮ. ಒಂದೇ ಕಳೆದದ್ದರಿಂದ ಹೋಲ್ ನನ್ನದಾಯಿತು. ಮೂರು ಹೋಲ್ ಬಾಕಿ ಇರುವಾಗಲೇ ನಾನು ನಾಲ್ಕರಿಂದ ಗೆದ್ದೆ. ಅವರು ಕೈಕುಲುಕಿ ಹೋದರು. ಮರುವರ್ಷ ಹೆಸರು ಕೊಡಲಿಲ್ಲ.

ಹ್ಯಾಂಡಿಕ್ಯಾಪ್ ಉಬ್ಬಿಸಿಕೊಂಡು ಕಪ್ ಹೊಡೆಯುವವರೂ ಇದ್ದಾರೆ. ಕ್ಲಬ್ಬುಗಳಲ್ಲಿ ಅವರನ್ನು ಬ್ಯಾಂಡಿಟ್ ಎನ್ನುತ್ತಾರೆ. ಆದರೆ ಬ್ಯಾಂಡಿಟ್ 14ರಲ್ಲೂ ಇರುತ್ತಾನೆ, 24ರ ಗೆರೆ ಅವನನ್ನು ಮುಟ್ಟುವುದಿಲ್ಲ. ಅವನನ್ನು ಹಿಡಿಯುವುದು ಸ್ಕೋರ್‌ಕಾರ್ಡ್. ವರ್ಷದ ಕನಿಷ್ಠ ಹ್ಯಾಂಡಿಕ್ಯಾಪ್‌ಗಿಂತ 3 ಮೇಲೇರಿದರೆ ಮುಂದಿನ ಏರಿಕೆಯನ್ನು ಹೊಸ ಪದ್ಧತಿ ಅರ್ಧಕ್ಕಿಳಿಸುತ್ತದೆ, 5ಕ್ಕೆ ತಡೆಯುತ್ತದೆ. ಸ್ಪರ್ಧೆಗೆ ಮುಂಚೆ ಇಂತಿಷ್ಟು ಕಾರ್ಡ್ ಕೊಟ್ಟಿರಲೇಬೇಕೆಂದು ಕ್ಲಬ್ ಕೇಳಲಿ. ಆಟ ನಿಧಾನವಾಗುತ್ತದೆಂಬ ಚಿಂತೆಯಿದ್ದರೆ ಸಮಯಕ್ಕೆ ನಿಯಮ ಮಾಡಲಿ. ನುರಿತವರಿಗೆ ಬೇರೆ ಕಪ್ ಬೇಕಿದ್ದರೆ ಹ್ಯಾಂಡಿಕ್ಯಾಪ್ ಇಲ್ಲದ ಸ್ಪರ್ಧೆಯನ್ನೇ ನಡೆಸಲಿ. ಹ್ಯಾಂಡಿಕ್ಯಾಪ್ ನಾಕೌಟ್ ಎಂದು ಕರೆದ ಮೇಲೆ, ಕ್ಲಬ್ ತಾನೇ ಕೊಟ್ಟ ಹ್ಯಾಂಡಿಕ್ಯಾಪನ್ನು ಪೂರ್ತಿ ಒಪ್ಪಿಕೊಳ್ಳಬೇಕು.