ಒಂಬತ್ತನೇ ಗುಂಡು

(1/5)
ಮೊದಲನೇ ಫೋಟೊ ಝೂಮ್ ಮಾಡಿ ನೋಡಿ. ನಾನು ಓದಿದ ಪ್ರೈಮರಿ ಶಾಲೆಯ ಗೋಡೆ ಅದು. ಸೂರ್ಯ, ಆಮೇಲೆ ಸಾಲಾಗಿ ಗುಂಡುಗಳು: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಬಲಗಡೆ ತುದಿಯಲ್ಲಿ, ನೀರಿನ ಪೈಪಿನ ಪಕ್ಕ, ಸುಣ್ಣ ಬಳಿದ ಜಾಗ ಕಾಣಿಸ್ತಾ? ಅಲ್ಲಿ ಒಂಬತ್ತನೇ ಗುಂಡಿತ್ತು. ಯಾರೋ ಅಳಿಸಿದ್ದಾರೆ. ಆದ್ರೆ ಮಳೆಗೆ ಸುಣ್ಣ ಸವೆದು ಒಳಗಿನ ನೀಲಿ ಮತ್ತೆ ಇಣುಕ್ತಾ ಇದೆ.

ನಮ್ಮ ಪಿಯು ಗ್ಯಾಂಗ್‌ನಲ್ಲೂ ಒಂಬತ್ತು ಜನ ಇದ್ವಿ. ಹೋದ ವರ್ಷ ಎಂಟು ಜನ ಪಾಸು, ನಾನೊಬ್ಬಳು ಫಿಸಿಕ್ಸ್‌ನಲ್ಲಿ ಡುಮ್ಕಿ. ರಿಸಲ್ಟ್ ಬಂದ ಸಂಜೆಯೇ ಗ್ರೂಪ್‌ನಲ್ಲಿ ನನಗೊಂದು ಹೆಸರು ಬಿತ್ತು: ಪ್ಲೂಟೊ. ಇಟ್ಟವರು ಇದನ್ನ ಓದ್ತಾ ಇದ್ದೀರಿ, ನಂಗೊತ್ತು. ಬೈಯೋಕೆ ಬರೀತಿಲ್ಲ. ಅವತ್ತು ನಾನೂ ನಗುವ ಎಮೋಜಿ ಹಾಕಿದ್ದೆ. ಆಮೇಲೆ ಫೋನ್ ಮಗುಚಿಟ್ಟು ಟೆರೇಸ್ ಮೇಲೆ ಹೋಗಿ ಕೂತೆ. ಅಮ್ಮ ಊಟಕ್ಕೆ ಕರೆದರೂ ಇಳೀಲಿಲ್ಲ.

ಹೆಸರಂತೂ ಅಂಟಿಕೊಳ್ತು. ಅಂಟಿದ ಮೇಲೆ ಆ ಹೆಸರಿನವರ ಕಥೆ ಏನು ಅಂತ ತಿಳ್ಕೋಬೇಕಲ್ವಾ? ಒಂದು ವರ್ಷ ಓದಿದೆ. ಅದನ್ನೇ ನಿಮಗೆ ಹೇಳ್ತೀನಿ.

(2/5)
ಮೊದಲು ಒಂದು ತಪ್ಪು ತಿಳುವಳಿಕೆ ಸರಿಮಾಡೋಣ. ಪ್ಲೂಟೊ ಚಿಕ್ಕದು ಅನ್ನೋ ಕಾರಣಕ್ಕೇ ಅದನ್ನ ಪಟ್ಟಿಯಿಂದ ತೆಗೆದಿದ್ದಲ್ಲ. ಚಿಕ್ಕದು ನಿಜ. ಅಡ್ಡಳತೆ 2,377 ಕಿಲೋಮೀಟರ್, ನಮ್ಮ ಚಂದ್ರನಿಗಿಂತ ಸಣ್ಣದು. ಆದ್ರೆ ಅದು ಮೊದಲೇ ಗೊತ್ತಿತ್ತು. ಹೊಸದಾಗಿ ಆಗಿದ್ದು ಬೇರೆ.

1992ರಲ್ಲಿ ಡೇವಿಡ್ ಜೆವಿಟ್ ಮತ್ತು ಜೇನ್ ಲೂ ಅನ್ನೋ ಇಬ್ಬರು ವಿಜ್ಞಾನಿಗಳು, ಐದು ವರ್ಷ ಹುಡುಕಿ, ಹವಾಯಿಯ ದೂರದರ್ಶಕದಲ್ಲಿ ನೆಪ್ಚೂನ್‌ನ ಆಚೆ ಒಂದು ಮಂಕು ಚುಕ್ಕಿ ಕಂಡುಹಿಡಿದ್ರು. ಆಮೇಲೆ ಇನ್ನೊಂದು, ಮತ್ತೊಂದು. ಈಗ ಅಲ್ಲಿ ಸಾವಿರಾರು ಹಿಮದ ಕಾಯಗಳು ಪತ್ತೆಯಾಗಿವೆ. ಆ ಪ್ರದೇಶದ ಹೆಸರು ಕೈಪರ್ ಪಟ್ಟಿ. 2005ರಲ್ಲಿ ಮೈಕ್ ಬ್ರೌನ್ ತಂಡ ಎರಿಸ್ ಅನ್ನೋದನ್ನ ಪತ್ತೆ ಮಾಡಿತು. ಗಾತ್ರದಲ್ಲಿ ಹೆಚ್ಚುಕಮ್ಮಿ ಪ್ಲೂಟೊನಷ್ಟೇ, ದ್ರವ್ಯರಾಶಿಯಲ್ಲಿ ಶೇಕಡಾ 27ರಷ್ಟು ಜಾಸ್ತಿ. ಈಗ ಏನ್ ಮಾಡೋದು? ಪ್ಲೂಟೊ ಗ್ರಹ ಆದ್ರೆ ಎರಿಸ್ ಯಾಕಲ್ಲ?

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಕೈ ಎತ್ತಿ ಮತ ಹಾಕಿದ್ರು. ಗ್ರಹ ಆಗೋಕೆ ಮೂರು ಷರತ್ತು: ಸೂರ್ಯನ ಸುತ್ತ ಸುತ್ತಬೇಕು, ತನ್ನದೇ ಗುರುತ್ವದಿಂದ ದುಂಡಗಿರಬೇಕು, ತನ್ನ ದಾರಿಯಲ್ಲಿ ತನ್ನದೇ ಯಜಮಾನಿಕೆ ಇರಬೇಕು. ಪ್ಲೂಟೊ ಮೊದಲ ಎರಡರಲ್ಲಿ ಪಾಸು, ಮೂರನೇದರಲ್ಲಿ ಫೇಲು. ಹಾಗಾಗಿ ಅದು ಕುಬ್ಜ ಗ್ರಹ. ಒಂದೇ ವಿಷಯದಲ್ಲಿ ಹೋಗಿದ್ದು. ಓದಿದಾಗ ನಂಗೆ ನಗು ಬಂತು.

ಇದನ್ನ ಅಜ್ಜಿಗೆ ಹೇಳಿದ್ರೆ, "ನಮ್ಮ ನವಗ್ರಹ ಗುಡೀಲಿ ಒಂಬತ್ತೂ ಹಾಗೇ ಇದಾವಲ್ಲೇ" ಅಂದ್ರು. ಇದಾವೆ. ಆದ್ರೆ ಅಲ್ಲಿ ಸೂರ್ಯ ಇದ್ದಾನೆ, ಚಂದ್ರ ಇದ್ದಾನೆ, ರಾಹು ಕೇತು ಇದ್ದಾರೆ. ಭೂಮಿ ಇಲ್ಲ, ಪ್ಲೂಟೊ ಮೊದಲಿಂದಲೂ ಇಲ್ಲ. ಪಟ್ಟಿಯಲ್ಲಿ ಯಾರಿರ್ತಾರೆ ಅನ್ನೋದು ಪಟ್ಟಿ ಮಾಡೋರು ಏನನ್ನ ಎಣಿಸ್ತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

(3/5)
ಈಗ ಪ್ಲೂಟೊನ ಕಂಡುಹಿಡಿದವನ ಕಥೆ. ಕ್ಲೈಡ್ ಟಾಂಬೊ, ಅಮೆರಿಕದ ಕ್ಯಾನ್ಸಸ್‌ನ ರೈತರ ಮಗ. ಕಾಲೇಜಿಗೆ ಹೋಗೋ ಆಸೆ ಇತ್ತು. ಆಲಿಕಲ್ಲು ಮಳೆ ಬಿದ್ದು ಬೆಳೆ ಪೂರ್ತಿ ಹಾಳಾಯ್ತು, ಕಾಲೇಜು ಅಲ್ಲಿಗೇ ನಿಂತಿತು. ಹುಡುಗ ಹಳೇ ಕಾರಿನ ಭಾಗ, ಹೊಲದ ಯಂತ್ರಗಳ ಬಿಡಿಭಾಗ ಸೇರಿಸಿ ತಾನೇ ದೂರದರ್ಶಕ ಮಾಡಿಕೊಂಡ. ಅದರಲ್ಲಿ ಕಂಡ ಮಂಗಳ, ಗುರು ಗ್ರಹಗಳ ಚಿತ್ರ ಬರೆದು ಅರಿಜೋನಾದ ಲೊವೆಲ್ ವೀಕ್ಷಣಾಲಯಕ್ಕೆ ಪೋಸ್ಟ್ ಮಾಡಿದ. ಅವರು 1929ರಲ್ಲಿ ಕರೆದು ಕೆಲಸ ಕೊಟ್ರು.

ಕೆಲಸ ಏನು ಗೊತ್ತಾ? ಚಳಿ ರಾತ್ರಿಯಲ್ಲಿ ಆಕಾಶದ ಒಂದೇ ಭಾಗವನ್ನ ಕೆಲವು ದಿನ ಬಿಟ್ಟು ಎರಡು ಸಲ ಫೋಟೊ ತೆಗೆಯೋದು. ಆಮೇಲೆ ಆ ಎರಡು ಗಾಜಿನ ಪ್ಲೇಟನ್ನ ಒಂದು ಯಂತ್ರದಲ್ಲಿಟ್ಟು ಇದು, ಅದು, ಇದು, ಅದು ಅಂತ ಬದಲಾಯಿಸ್ತಾ ನೋಡೋದು. ಸಾವಿರಾರು ನಕ್ಷತ್ರ ಇದ್ದಲ್ಲೇ ಇರುತ್ತವೆ. ಜಾಗ ಬದಲಿಸಿದ ಚುಕ್ಕಿ ಮಾತ್ರ ಆ ಕಡೆ ಈ ಕಡೆ ಜಿಗಿಯುತ್ತೆ. 1930ರ ಫೆಬ್ರವರಿ 18ರಂದು, ಜನವರಿ 23 ಮತ್ತು 29ರ ಪ್ಲೇಟುಗಳಲ್ಲಿ, ಒಂದು ಚುಕ್ಕಿ ಜಿಗಿಯಿತು. ಟಾಂಬೊಗೆ ಆಗ 24 ವರ್ಷ, ಡಿಗ್ರಿ ಇರಲಿಲ್ಲ. ಕಾಲೇಜಿಗೆ ಸೇರಿದ್ದು 1932ರಲ್ಲಿ, ಪ್ಲೂಟೊ ಸಿಕ್ಕಿದ ಮೇಲೆ.

ಅವನು ತೀರಿಕೊಂಡಿದ್ದು 1997ರಲ್ಲಿ. ಅವನ ಒಂದಿಷ್ಟು ಚಿತಾಭಸ್ಮವನ್ನ ನ್ಯೂ ಹೊರೈಜನ್ಸ್ ನೌಕೆಯಲ್ಲಿಟ್ಟು ಪ್ಲೂಟೊ ಕಡೆಗೇ ಕಳಿಸಿದ್ರು.

(4/5)
ಆ ನೌಕೆ ಹೊರಟಿದ್ದು 2006ರ ಜನವರಿ 19ಕ್ಕೆ. ಅವತ್ತು ಪ್ಲೂಟೊ ಗ್ರಹ. ಏಳು ತಿಂಗಳಲ್ಲಿ ಪ್ರಾಗ್‌ನ ಮತದಾನ ಆಯ್ತು. ನೌಕೆಯೇನೂ ಯು-ಟರ್ನ್ ಹೊಡೀಲಿಲ್ಲ. ಒಂಬತ್ತೂವರೆ ವರ್ಷ ಹೋಗ್ತಾನೇ ಇತ್ತು.

2015ರ ಜುಲೈ 14ರಂದು ಅದು ಪ್ಲೂಟೊ ಪಕ್ಕದಲ್ಲಿ ಹಾದುಹೋದಾಗ ಏನು ಕಾಣ್ತು ಅಂತ ಎರಡನೇ ಫೋಟೊದಲ್ಲಿ ನೋಡಿ. ಸತ್ತ ಕಲ್ಲಿನ ಉಂಡೆ ಇರಬಹುದು ಅಂದುಕೊಂಡವರಿಗೆ ಸಿಕ್ಕಿದ್ದು ಹೃದಯದ ಆಕಾರದ ದೊಡ್ಡ ಬಯಲು. ಅದರ ಎಡಭಾಗ ಸುಮಾರು ಸಾವಿರ ಕಿಲೋಮೀಟರ್ ಅಗಲದ ನೈಟ್ರೋಜನ್ ಹಿಮ. ಅಲ್ಲಿ ಉಲ್ಕೆ ಬಡಿದ ಗುಂಡಿಗಳೇ ಕಾಣಲಿಲ್ಲ. ಅಂದ್ರೆ ನೆಲ ಈಗಲೂ ಹೊಸದಾಗ್ತಾ ಇದೆ. ಹಿಮ ಒಳಗಿಂದ ನಿಧಾನವಾಗಿ ಮೇಲೆ ಬಂದು, ಮತ್ತೆ ಕೆಳಗಿಳಿದು, ಮಗುಚ್ತಾ ಇದೆ. ಅಂಚಿನಲ್ಲಿ ನೀರ್ಗಲ್ಲಿನ ಬೆಟ್ಟಗಳು, ಮೇಲೆ ನೀಲಿ ಮಬ್ಬು. ಮೈನಸ್ 230 ಡಿಗ್ರಿ ಚಳಿಯಲ್ಲಿ ಇಷ್ಟೆಲ್ಲ ನಡೀತಿದೆ! ಆ ಹೃದಯಕ್ಕೆ ಟಾಂಬೊ ಹೆಸರೇ ಇಟ್ಟಿದ್ದಾರೆ. ತೆಗೆದ ಮಾಹಿತಿ ಪೂರ್ತಿ ಭೂಮಿಗೆ ಇಳಿಯೋಕೆ 15 ತಿಂಗಳು ಬೇಕಾಯ್ತು. ನಮ್ಮೂರಿನ ನೆಟ್‌ವರ್ಕ್ ವಾಸಿ ಅನ್ನಿಸ್ತು.

ಕುಬ್ಜ ಗ್ರಹ ಅಂತ ಕರೆದು ಒಂಬತ್ತು ವರ್ಷ ಆದ ಮೇಲೆ ಸಿಕ್ಕಿದ್ದು ಇದೆಲ್ಲ. ಹತ್ತಿರ ಹೋಗಿ ನೋಡೋ ತನಕ ಯಾರಿಗೂ ಗೊತ್ತಿರಲಿಲ್ಲ.

(5/5)
ಈಗ ನನ್ನ ವಿಷಯ. ಫೇಲ್ ಆಗಿದ್ದೇ ಒಳ್ಳೇದಾಯ್ತು ಅಂತ ಹೇಳಲ್ಲ. ಸುಳ್ಳಾಗುತ್ತೆ. ಮತ್ತೆ ಫೀಸು ಕಟ್ಟಿದ್ದು, ಮದುವೆ ಮನೇಲಿ "ಈಗ ಏನ್ ಓದ್ತಿದ್ದೀಯ?" ಅಂದಾಗ ಅಪ್ಪ ಮಾತು ಬದಲಿಸಿದ್ದು, ಇವೆಲ್ಲ ಮರೆಯೋಕಾಗಲ್ಲ. ಪ್ಲೂಟೊಗೆ ಬೇಜಾರಾಗಿಲ್ಲ, ಅದಕ್ಕೆ ಪಟ್ಟಿ ಗಿಟ್ಟಿ ಗೊತ್ತಿಲ್ಲ. ನನಗೆ ಆಗಿತ್ತು.

ಆದ್ರೆ ಒಂದು ವಿಷಯ ನನ್ನ ಮನಸ್ಸಲ್ಲಿ ಉಳಿದಿದೆ. ಎಪ್ಪತ್ತಾರು ವರ್ಷ ಪ್ಲೂಟೊ ಎಂಟು ದೊಡ್ಡವರ ಸಾಲಿನ ಕೊನೆಯಲ್ಲಿ ವಿಚಿತ್ರವಾಗಿ ನಿಂತಿತ್ತು. ಅದರ ದಾರಿ ಓರೆ, ಗಾತ್ರ ಹೊಂದಲ್ಲ, ಯಾಕೆ ಹೀಗೆ ಅಂತ ಎಲ್ಲರಿಗೂ ತಲೆನೋವು. ಆಮೇಲೆ ಗೊತ್ತಾಯ್ತು, ಅದು ಎಂಟು ಜನರ ಬಾಲ ಅಲ್ಲ, ಇನ್ನೊಂದು ದೊಡ್ಡ ಗುಂಪಿನಲ್ಲಿ ಮೊದಲು ಕಂಡವರು. ಎರಿಸ್, ಹೌಮಿಯಾ, ಮಾಕೆಮಾಕೆ ಎಲ್ಲ ಆಮೇಲೆ ಸಿಕ್ಕಿದವರು.

ನಾನು ಟ್ಯೂಷನ್‌ಗೆ ಹೋಗ್ತಿದ್ದ ರಿಪೀಟರ್ಸ್ ಬ್ಯಾಚ್‌ನಲ್ಲಿ ಹನ್ನೊಂದು ಜನ ಇದ್ವಿ. ಬೆಳಗ್ಗೆ ಹಾಲು ಹಾಕಿ ಬರೋನು ಒಬ್ಬ, ಮಗುವನ್ನ ಅಮ್ಮನ ಹತ್ರ ಬಿಟ್ಟು ಬರೋ ಅಕ್ಕ ಒಬ್ಬರು. "ಗೊತ್ತಾಗಲಿಲ್ಲ ಸಾರ್, ಮತ್ತೆ ಹೇಳಿ" ಅಂತ ನಾನು ಜೀವನದಲ್ಲಿ ಮೊದಲ ಸಲ ಜೋರಾಗಿ ಹೇಳಿದ್ದು ಆ ರೂಮಿನಲ್ಲಿ. ನಿಮ್ಮ ಮುಂದೆ ಹೇಳೋಕೆ ನಾಚಿಕೆ ಆಗ್ತಿತ್ತು ಕಣ್ರೋ.

ಈ ವರ್ಷ ಪಾಸಾದೆ. ಮಾರ್ಕ್ಸ್ ಹೇಳಲ್ಲ, ಫೋಟೊ ಹಾಕುವಷ್ಟಿಲ್ಲ. ಪ್ಲೂಟೊ ಅಂತಾನೇ ಕರೀರಿ, ಪರವಾಗಿಲ್ಲ. ಯಾರ ಹೆಸರಿಂದ ಕರೀತಿದ್ದೀರಿ ಅಂತ ಈಗ ನಿಮಗೂ ಗೊತ್ತಲ್ಲ.

ಜೂನಿಯರ್ಸ್, ನಿಮ್ಮಲ್ಲಿ ಯಾರಿಗಾದ್ರೂ ರಿಸಲ್ಟ್ ಕೈ ಕೊಟ್ಟಿದ್ರೆ, ಇವತ್ತು ಸೂರ್ಯ ಮುಳುಗಿದ ತಕ್ಷಣ ಟೆರೇಸ್‌ಗೆ ಹೋಗಿ. ಕತ್ತಲಾಗೋಕೆ ಮುಂಚೆ ಕೆಲವು ನಿಮಿಷ ಇರೋ ಆ ಬೆಳಕಿದೆಯಲ್ಲ, ಪ್ಲೂಟೊ ಮೇಲೆ ನಡು ಮಧ್ಯಾಹ್ನ ಹೆಚ್ಚುಕಮ್ಮಿ ಅಷ್ಟೇ ಬೆಳಕಿರುತ್ತೆ. ಕೈಯಲ್ಲೊಂದು ಪುಸ್ತಕ ಇರಲಿ. ತೆರೆದು ನೋಡಿ, ಅಕ್ಷರ ಕಾಣುತ್ತೆ.

ಆಮೇಲೆ ಕೆಳಗಿಳಿದು ಊಟ ಮಾಡಿ. ಅಮ್ಮ ಕಾಯ್ತಿರ್ತಾರೆ.

#ಪ್ಲೂಟೊ #ಕುಬ್ಜಗ್ರಹ #ಕೈಪರ್‌ಪಟ್ಟಿ #ರಿಪೀಟರ್ಸ್‌ಬ್ಯಾಚ್