ಇನ್ನೊಬ್ಬ ಸೆಲಾನ್ನೆ ಬಂದ!

ಹುಡುಗ ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದ ಅಂದರೆ ಸಾಕು, ಸೋದರಮಾವನೋ ಪಕ್ಕದ ಮನೆಯವರೋ ಅವನನ್ನು ರಾಮಾನುಜನ್ ಮಾಡಿಬಿಡುತ್ತಾರೆ. ಐಸ್ ಹಾಕಿಯವರಿಗೂ ಈ ಚಾಳಿ ಉಂಟು. ಕೆನಡಾದ ವಿನ್ನಿಪೆಗ್‌ನವರನ್ನೇ ನೋಡಿ. 2016ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಹೆಕ್ಕಿಕೊಳ್ಳುವಾಗ, ಅವರ ಜೆಟ್ಸ್ ತಂಡ ಹದಿನೆಂಟರ ಪ್ಯಾಟ್ರಿಕ್ ಲೈನೆಯನ್ನು ಆರಿಸಿಕೊಂಡಿತು. ಫಿನ್ಲೆಂಡಿನ ಹುಡುಗ, ಗೋಲು ಹೊಡೆಯುವ ಕೈ, ಅದೂ ಜೆಟ್ಸ್‌ಗೆ! ಇನ್ನೇನು ಬೇಕು? ಹಿಂದೆ ಜೆಟ್ಸ್‌ಗೆ ಆಡಿದ, ಫಿನ್ಲೆಂಡಿನವನೇ ಆದ ಟೇಮು ಸೆಲಾನ್ನೆ ಮರಳಿ ಬಂದನೆಂದು ಸಂಭ್ರಮವೋ ಸಂಭ್ರಮ. (ಸೆಲಾನ್ನೆ ಆಡಿದ ಹಳೆಯ ಜೆಟ್ಸ್ 1996ರಲ್ಲೇ ಗಂಟುಮೂಟೆ ಕಟ್ಟಿ ಅರಿಜೋನಾಕ್ಕೆ ಹೋಗಿತ್ತು, ಈಗಿನದು 2011ರಲ್ಲಿ ಅಟ್ಲಾಂಟಾದಿಂದ ಬಂದ ತಂಡ. ಹೆಸರೊಂದೇ ಹಳೆಯದು. ಅಭಿಮಾನಕ್ಕೆ ಅಷ್ಟು ಸಾಲದೇ?)

ಸೆಲಾನ್ನೆ ಬಿಟ್ಟುಹೋದ ಅಳತೆಯಾದರೂ ಎಂಥದ್ದು! 1992-93ರಲ್ಲಿ, ಮೊದಲ ಸೀಸನ್ನಿನಲ್ಲೇ 76 ಗೋಲು. ಹೊಸಬರ ಪೈಕಿ ಅದುವರೆಗಿನ ದಾಖಲೆ ಮೈಕ್ ಬಾಸಿಯ 53. ಅದನ್ನು ಮುರಿದ ರಾತ್ರಿ ಪುಣ್ಯಾತ್ಮ ಕೈಗವಸನ್ನು ಬಿಚ್ಚಿ ಮೇಲಕ್ಕೆಸೆದು, ಸ್ಟಿಕ್ಕನ್ನೇ ಕೋವಿ ಮಾಡಿಕೊಂಡು ಅದಕ್ಕೆ ಗುರಿಯಿಟ್ಟು ‘ಗುಂಡು’ ಹಾರಿಸಿದ.

ಲೈನೆಯೇನು ಕಡಿಮೆಯವನಲ್ಲ. ಮೊದಲ ವರ್ಷ 36, ಮರುವರ್ಷ 44. 2018ರ ನವೆಂಬರಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಒಂದೇ ಪಂದ್ಯದಲ್ಲಿ ಐದು. ಎಡಗಡೆಯ ವೃತ್ತದಲ್ಲಿ ನಿಂತು, ಬಂದ ಪಕ್ಕನ್ನು (ರಬ್ಬರ್ ಬಿಲ್ಲೆ) ತಡೆಯದೆ ಹಾಗೇ ಬೀಸಿದನೆಂದರೆ ಗೋಲು ಕಾಯುವ ಗೋಲಿ ಕದಲುವಷ್ಟರಲ್ಲಿ ಬಲೆ ಅಲುಗಿರುತ್ತಿತ್ತು. ಆದರೆ ಸೆಲಾನ್ನೆಯ ಬಲ ಇದ್ದದ್ದು ಕಾಲಿನಲ್ಲಿ, ಓಟದಲ್ಲೇ ಎದುರಾಳಿಗಳನ್ನು ಹಿಂದೆ ಹಾಕುತ್ತಿದ್ದ. ಲೈನೆಯದು ನಿಂತಲ್ಲಿಂದ ಹೊಡೆಯುವ ವಿದ್ಯೆ. ಹೋಲಿಸಲೇಬೇಕೆಂದಿದ್ದರೆ ಹಾಗೇ ನಿಂತಲ್ಲಿಂದ ಹೊಡೆಯುವ ರಷ್ಯಾದ ಒವೆಚ್ಕಿನ್ ಹತ್ತಿರದವನು. ಪಾಸ್‌ಪೋರ್ಟ್ ನೋಡಿ ಹೋಲಿಸಿದರೆ ಹೀಗೇ ಆಗುವುದು.

ವಯಸ್ಸಿನದು ಇನ್ನೊಂದು ತಕರಾರು. 1988ರ ಡ್ರಾಫ್ಟಿನಲ್ಲಿ ಹತ್ತನೆಯವನಾಗಿ ಆಯ್ಕೆಯಾದ ಸೆಲಾನ್ನೆ ವಿನ್ನಿಪೆಗ್ಗಿಗೆ ಬಂದದ್ದು ತನ್ನೂರಿನಲ್ಲೇ ಚೆನ್ನಾಗಿ ಪಳಗಿ, 22ನೆಯ ವಯಸ್ಸಿನಲ್ಲಿ. ಲೈನೆಗೆ ಅಷ್ಟು ಪುರುಸೊತ್ತು ಯಾರು ಕೊಟ್ಟರು? ಕಾಲವೂ ಬೇರೆ. ಆಗ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ ಏಳಕ್ಕೂ ಹೆಚ್ಚು ಗೋಲು ಬೀಳುತ್ತಿದ್ದವು. ಲೈನೆ ಬರುವಷ್ಟರಲ್ಲಿ ಅದು ಐದೂವರೆಯ ಆಸುಪಾಸಿಗೆ ಇಳಿದಿತ್ತು. ಮೊಣಕಾಲೂರಿ ಗೋಲಿನ ಕೆಳಭಾಗವನ್ನೆಲ್ಲ ಮುಚ್ಚಿಬಿಡುವ ಕಲೆ ಗೋಲಿಗಳಿಗೆಲ್ಲ ಕರಗತವಾಗಿತ್ತು. ಅಂದಹಾಗೆ, ಸೆಲಾನ್ನೆ 76 ಹೊಡೆದ ವರ್ಷವೇ ಬಫಲೊದ ಮೊಗಿಲ್ನಿಯೂ 76 ಹೊಡೆದಿದ್ದ. ಪಾಪ, ಅವನ ಹೆಸರನ್ನು ಅಳತೆಗೋಲು ಮಾಡಿಕೊಂಡವರು ಕಡಿಮೆ.

ಲೈನೆ 2021ರಲ್ಲಿ ಕೊಲಂಬಸ್‌ಗೆ, 2024ರಲ್ಲಿ ಮಾಂಟ್ರಿಯಲ್‌ಗೆ ಹೋದ. ನಡುವೆ ಗಾಯದ ಮೇಲೆ ಗಾಯ. ಮಾಂಟ್ರಿಯಲ್‌ನ ಮೊದಲ ಸೀಸನ್ನಿನಲ್ಲಿ 20 ಗೋಲು, ಅದರಲ್ಲಿ 15 ಪವರ್ ಪ್ಲೇಯಲ್ಲಿ, ಅಂದರೆ ಶಿಕ್ಷೆಯಿಂದ ಎದುರಾಳಿಗಳಲ್ಲಿ ಆಟಗಾರರು ಕಡಿಮೆಯಿದ್ದಾಗ ಬಂದವು. ‘ಅಯ್ಯೋ, ಸೆಲಾನ್ನೆ ಆಗಲಿಲ್ಲವಲ್ಲ’ ಎನ್ನುವವರಿಗೆ 2003-04 ಮರೆತಿದೆ. ಆ ವರ್ಷ ಕೊಲರಾಡೊದಲ್ಲಿ, ಕೆಟ್ಟ ಮೊಣಕಾಲು ಹೊತ್ತ 33ರ ಸೆಲಾನ್ನೆ ಹೊಡೆದದ್ದು ಬರೀ 16. ಇವನ ಕಥೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಅನಾಹೈಮ್‌ಗೆ ಒಂದು ವರ್ಷ 40, ಇನ್ನೊಂದು ವರ್ಷ 48 ಹೊಡೆದು, 2007ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದ. ಹೋಲಿಸುವ ಚಟ ಬಿಡಲಾಗದಿದ್ದರೆ ಆ 16ರ ವರ್ಷವನ್ನೂ ಹೋಲಿಸಿ ಮಾರಾಯರೆ!