ಜ್ವರ ಬಂದ ಗೇರ್ ಬಾಕ್ಸ್

ಜ್ವರವೇ ರೋಗವಲ್ಲ, ಒಳಗೆಲ್ಲೋ ಇರುವ ರೋಗದ ಸುದ್ದಿ ಎಂಬುದು ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತು. ಮಗುವಿನ ಮೈ ಸುಟ್ಟರೆ ಅವರು ಮೊದಲು ಕೇಳುವುದು ‘ಯಾವಾಗಿನಿಂದ? ಏನು ತಿಂದಿತ್ತು?’ ಎಂದೇ. ಆದರೆ ಯಂತ್ರಕ್ಕೆ ಜ್ವರ ಬಂದಾಗ ಈ ವಿವೇಕ ನಮಗೆ ನೆನಪಾಗುವುದಿಲ್ಲ. ಬಿಸಿಯಾಯಿತೇ, ಬಿಚ್ಚು. ಕೆಟ್ಟಿತೇ, ಬದಲಿಸು. ನಮ್ಮ ಮನೆಯ ಜೀಪಿನ ವಿಷಯದಲ್ಲೂ ಹಾಗೆಯೇ ಆಗುವುದರಲ್ಲಿತ್ತು.

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ನಮ್ಮ ಕಡೆ ಅಡಿಕೆ ತೋಟವೆಂದರೆ ಬದುಕು. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಟ್ಟರೆ ನೀರನ್ನು ಹೊತ್ತು ತಂದಾದರೂ ಮರ ಉಳಿಸಿಕೊಳ್ಳಬೇಕು. ನನ್ನ ತಮ್ಮನ ಮಗ ಆಟೋಮ್ಯಾಟಿಕ್ ಗೇರಿನ, ನಾಲ್ಕೂ ಚಕ್ರ ಎಳೆಯುವ ಜೀಪೊಂದನ್ನು ಕೊಂಡಿದ್ದ. ಸಣ್ಣದೊಂದು ಟ್ರೇಲರ್‌ಗೆ ಸಾವಿರ ಲೀಟರಿನ ಟ್ಯಾಂಕು ಕೂರಿಸಿ, ತೋಟದ ಏರುದಾರಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಎಳೆಸುತ್ತಿದ್ದ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ. ಹದಿನೈದು ದಿನ ಕಳೆಯುವಷ್ಟರಲ್ಲಿ ಗೇರ್ ಬಾಕ್ಸಿನ ಎಣ್ಣೆ ಕಾದಿದೆಯೆಂದು ಕೆಂಪು ದೀಪ ಹತ್ತತೊಡಗಿತು. ಪಟ್ಟಣದ ಗ್ಯಾರೇಜೊಂದರಲ್ಲಿ ಐದೇ ನಿಮಿಷ ನೋಡಿ, ಗೇರ್ ಬಾಕ್ಸನ್ನೇ ಬದಲಿಸಬೇಕು, ಮೂರು ಲಕ್ಷಕ್ಕೆ ಕಡಿಮೆಯಿಲ್ಲ ಎಂದರು. ತಮ್ಮನ ಮುಖ ಬಾಡಿತು. ಆ ಹಣದಲ್ಲಿ ಮಗಳ ಓದಿನ ಶುಲ್ಕವೂ ಸೇರಿತ್ತು.

ಆ ಮಗಳು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಳೆ. ‘ದೊಡ್ಡಪ್ಪ, ಯಾಕೆ ಕಾಯ್ತಿದೆ ಅಂತ ಯಾರೂ ಹೇಳಲೇ ಇಲ್ವಲ್ಲ’ ಎಂದಳು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಆ ಪ್ರಶ್ನೆ ಇಷ್ಟವಾಯಿತು. ನನಗೆ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರಿದ್ದರು. ಗಣಿಯ ಡಂಪರ್‌ಗಳನ್ನು ರಿಪೇರಿ ಮಾಡಿ ಪಳಗಿದವರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಕಳೆದುಕೊಂಡು ಸ್ವಂತ ಶೆಡ್ ಹಾಕಿಕೊಂಡಿದ್ದರು. ‘ದೊಡ್ಡ ಡಂಪರಿಗೂ ಇದೇ ಜಾತಿ ಗೇರು, ಮೇಷ್ಟ್ರೇ. ಬಿಸಿ ಎಲ್ಲಿ ಹುಟ್ತದೆ, ಎಲ್ಲಿ ಹೋಗಬೇಕು, ಇವೆರಡು ನೋಡಿದ್ರೆ ಸಾಕು’ ಎಂದರು.

ಬಿಸಿ ಹುಟ್ಟುವ ಜಾಗ ಟಾರ್ಕ್ ಕನ್ವರ್ಟರ್. ಎರಡು ಫ್ಯಾನುಗಳನ್ನು ಎದುರುಬದುರಿಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೇ? ಇಲ್ಲಿ ಗಾಳಿಯ ಬದಲು ಎಣ್ಣೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಭಾರ ಹೊತ್ತು ಏರಿನಲ್ಲಿ ತೆವಳುವಾಗ ಎಂಜಿನ್ ಕಡೆಯ ಚಕ್ರ ಜೋರಾಗಿ, ಗೇರಿನ ಕಡೆಯದು ನಿಧಾನವಾಗಿ ತಿರುಗುತ್ತದೆ. ಈ ವ್ಯತ್ಯಾಸದಲ್ಲಿ ಪೋಲಾಗುವ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗುತ್ತದೆ. ವೇಗ ಬಂದ ಮೇಲೆ ಒಳಗಿನದೊಂದು ಕ್ಲಚ್ ಎರಡನ್ನೂ ಬಿಗಿಯಾಗಿ ಕಟ್ಟಿಹಾಕುವುದರಿಂದ ಜಾರಿಕೆ ನಿಲ್ಲುತ್ತದೆ. ಹುಟ್ಟಿದ ಬಿಸಿ ಹೋಗಬೇಕಾದದ್ದು ಮುಂಭಾಗದ ಕೂಲರ್ ಮೂಲಕ, ಗಾಳಿಗೆ.

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲ ಪ್ರಶ್ನೆ: ದೀಪ ಸುಳ್ಳು ಹೇಳುತ್ತಿಲ್ಲವಷ್ಟೆ? ರಾತ್ರಿಯಿಡೀ ನಿಂತ ಗಾಡಿಯಲ್ಲಿ ಗೇರ್ ಎಣ್ಣೆ, ಎಂಜಿನ್ ನೀರು, ಹೊರಗಿನ ಗಾಳಿ ಮೂರರ ಉಷ್ಣತೆಯೂ ಒಂದೇ ಇರಬೇಕು. ಬೆಳಿಗ್ಗೆ ಸ್ಕ್ಯಾನರ್ ಹಾಕಿ ನೋಡಿದರೆ ಮೂರೂ 25 ಡಿಗ್ರಿಯ ಆಸುಪಾಸು. ಸೆನ್ಸರ್ ಸರಿಯಾಗಿತ್ತು.

ಎರಡನೆಯದು: ಯಾವಾಗ ಕಾಯುತ್ತದೆ? ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿದಾಗ ಎಣ್ಣೆ 90ರ ಆಚೀಚೆ ನಿಂತಿತು. ಒಂದೇ ವೇಗದಲ್ಲಿ ಹೋಗುವಾಗ ಪೆಡಲನ್ನು ಸ್ವಲ್ಪ ಒತ್ತಿದರೂ ಎಂಜಿನ್ನಿನ ಮುಳ್ಳು ನೆಗೆಯಲಿಲ್ಲ. ಅಂದರೆ ಕಟ್ಟಿಹಾಕುವ ಕ್ಲಚ್ ಹಿಡಿಯುತ್ತಿದೆ.

ಮೂರನೆಯದು ಎಣ್ಣೆ. ಅದನ್ನು ತಯಾರಕರು ಹೇಳಿದ ಬಿಸಿಯಲ್ಲಿ, ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ನೊರೆಯೆದ್ದು ಕಾಯುತ್ತದೆ. ಮಟ್ಟ ಸರಿಯಿತ್ತು. ಬಿಳಿ ಕಾಗದದ ಮೇಲೆ ಬಿಟ್ಟ ಹನಿ ಕೊಂಚ ಕಂದಿತ್ತು. ಆದರೆ ಸುಟ್ಟ ವಾಸನೆಯಿಲ್ಲ, ಲೋಹದ ಮಿನುಗಿಲ್ಲ. ಒಳಗಿನ ಕ್ಲಚ್‌ಗಳು ಸುಟ್ಟಿದ್ದರೆ ಎಣ್ಣೆ ಕಪ್ಪಾಗಿ ನಾರುತ್ತಿತ್ತು. ಆಗ ಗೇರ್ ಬಾಕ್ಸ್ ಬಿಚ್ಚುವ ಮಾತೇ ಸರಿಯಾಗುತ್ತಿತ್ತು.

ಕೊನೆಗೆ ಟ್ರೇಲರ್ ಕಟ್ಟಿ ಏರು ಹತ್ತಿಸಿದರು. ಎಣ್ಣೆ 128 ತಲುಪಿತು. ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಕೂಲರ್‌ಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡು ಕೊಳವೆಗಳಿಗೂ ಮುಟ್ಟದೆ ಅಳೆಯುವ ಥರ್ಮಾಮೀಟರ್ ಹಿಡಿದರು. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ! ‘ಏನರ್ಥ, ಹೇಳಮ್ಮ?’ ಎಂದು ಹುಡುಗಿಯನ್ನು ಕೇಳಿದರು. ಅವಳು ತುಸು ಯೋಚಿಸಿ, ‘ಎಣ್ಣೆ ಹರೀತಿದೆ. ಹರಿಯದಿದ್ರೆ ವಾಪಸ್ ಬರೋ ಕೊಳವೆ ತಣ್ಣಗಿರಬೇಕಿತ್ತು. ಹರಿದರೂ ತಣ್ಣಗಾಗ್ತಿಲ್ಲ ಅಂದ್ರೆ ಗಾಳಿ ಹೋಗ್ತಿಲ್ಲ’ ಎಂದಳು. ಮೇಸ್ತ್ರಿ ನಕ್ಕು, ‘ಮುಂದಿನ ಜಾಲರಿ ಬಿಚ್ಚು’ ಎಂದರು.

ಹೊರಗಿನಿಂದ ತೊಳೆದು ಥಳಥಳಿಸುತ್ತಿದ್ದ ಎ.ಸಿ. ಕಂಡೆನ್ಸರಿನ ಹಿಂದೆ, ಕೂಲರ್ ಮೇಲೆ, ಕೆಂಧೂಳು, ಹುಲ್ಲಿನ ಬೀಜ, ಅಡಿಕೆ ಸಿಪ್ಪೆಯ ನಾರು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಖಾಲಿ ಗಾಡಿ ಹೆದ್ದಾರಿಯಲ್ಲಿ ಓಡುವಾಗ ಹುಟ್ಟುವ ಬಿಸಿಯೂ ಕಡಿಮೆ, ನುಗ್ಗುವ ಗಾಳಿಯೂ ಹೆಚ್ಚು. ಅಲ್ಲಿ ಹೇಗೋ ನಡೆದುಹೋಗುತ್ತಿತ್ತು. ಒಳಗಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆದರು. ಕಾದು ಸತ್ವ ಕಳೆದುಕೊಂಡ ಎಣ್ಣೆಯನ್ನು ಬದಲಿಸಿದರು. ತಮ್ಮನ ಮಗನಿಗೆ ಇನ್ನೊಂದು ಮಾತು ಹೇಳಿದರು: ‘ಮಣ್ಣಿನ ಏರಲ್ಲಿ ಭಾರ ಎಳೆಯುವಾಗ ಫೋರ್ ವೀಲ್ ಲೋ ಹಾಕಪ್ಪ. ಆಗ ಕನ್ವರ್ಟರ್ ಮೇಲಿನ ಹೊರೆ ಇಳೀತದೆ. ದೀಪ ಹತ್ತಿದ್ರೆ ನಿಲ್ಸು, ಎಂಜಿನ್ನಿನ ಬಿಸಿ ಸರಿ ಇದ್ರೆ ತಕ್ಷಣ ಆಫ್ ಮಾಡಬೇಡ. ಎಣ್ಣೆ ಓಡಾಡಿ ತಣಿಯಲಿ.’ ಅದೇ ಏರು, ಅದೇ ಟನ್ ನೀರು. ಮಾರನೆಯ ದಿನ ಎಣ್ಣೆ 100 ದಾಟಲಿಲ್ಲ. ಖರ್ಚು ಹನ್ನೊಂದು ಸಾವಿರ.

ಪಟ್ಟಣದ ಗ್ಯಾರೇಜಿನವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಅವರು ಕೇಳಲಿಲ್ಲ, ಅಷ್ಟೆ. ಮೇಸ್ತ್ರಿಯ ದಾರಿಯಲ್ಲಿ ಗುಟ್ಟೇನೂ ಇರಲಿಲ್ಲ. ಕಾಸು ಖರ್ಚಾಗದ ಪ್ರಶ್ನೆ ಮೊದಲು, ಲಕ್ಷ ಖರ್ಚಾಗುವ ಪ್ರಶ್ನೆ ಕೊನೆಗೆ. ಪ್ರತಿ ಉತ್ತರವೂ ಒಂದೊಂದು ಅನುಮಾನವನ್ನು ಹೊಡೆದುಹಾಕಬೇಕು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಕಲಿಸುವುದೂ ಇದನ್ನೇ. ಆದರೆ ಅಲ್ಲಿ ಉತ್ತರ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ.

‘ಓದೋ ಹೆಣ್ಣುಮಗಳು ಗ್ಯಾರೇಜಿಗೆ ಹೋಗೋದಾ?’ ಎನ್ನುತ್ತಿದ್ದ ತಮ್ಮ ಈಗ ರಜೆಯಲ್ಲಿ ತಾನೇ ಅವಳನ್ನು ಮೇಸ್ತ್ರಿಯ ಶೆಡ್‌ಗೆ ಬಿಟ್ಟುಬರುತ್ತಾನೆ. ಸಂಜೆ ಮನೆಗೆ ಬಂದವಳ ಕೈಯಲ್ಲಿ ಮಸಿ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳಿರುತ್ತವೆ. ಮಸಿ ಸೋಪಿಗೆ ಹೋಗುತ್ತದೆ. ಪ್ರಶ್ನೆ ಕೇಳುವ ರೂಢಿ ಉಳಿದರೆ ತಂದೆತಾಯಿಗಳು ಕಟ್ಟಿದ ಶುಲ್ಕ ಸಾರ್ಥಕ.